ಅಪ್ಪನ ಹೆಸರು ಹೇಳಿ ದಾರಿ ಕೇಳಬೇಡಿ

ಮಕ್ಕಳೇ, ಪಿಯುಸಿಯೋ ಡಿಗ್ರಿಯೋ ಮುಗಿಸಿ ಮುಂದೇನು ಎಂದು ಕೇಳಲು ಬರುವ ನಿಮ್ಮಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: ‘ಅಲ್ಲಿ ನಮ್ಮ ಜನ ಯಾರಾದರೂ ಇದ್ದಾರಾ?’ ಸೇನೆಗೆ ಸೇರಬೇಕೆಂಬ ಹುಡುಗನೂ ಅದನ್ನೇ ಕೇಳುತ್ತಾನೆ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗಿಯೂ ಅದನ್ನೇ ಕೇಳುತ್ತಾಳೆ. ನಿಮ್ಮನ್ನು ದೂರುವುದಿಲ್ಲ. ಆರ್‌ಟಿಸಿಯಲ್ಲಿ ಒಂದು ಅಕ್ಷರ ತಿದ್ದಿಸಲಿಕ್ಕೂ ಜನ ಹುಡುಕುವ ಹಿರಿಯರನ್ನು ನೋಡಿಕೊಂಡೇ ನೀವು ಬೆಳೆದಿದ್ದೀರಿ. ಆದರೆ ಬೇರೆ ರೀತಿಯಲ್ಲಿ ಬೆಳೆದ ಒಬ್ಬ ಮಗನೂ, ಬೇರೆ ರೀತಿಯಲ್ಲಿ ಬೆಳೆಸಿದ ಒಬ್ಬ ಅಪ್ಪನೂ ನಮ್ಮಿಂದ ಬಹಳ ದೂರದವರಲ್ಲ ಎಂಬುದನ್ನು ನೀವು ತಿಳಿದಿರಬೇಕು.

ನಮ್ಮ ಕುಂಬ್ರದಿಂದ ಮಾಣಿ–ಮೈಸೂರು ಹೆದ್ದಾರಿ ಹಿಡಿದು ಸುಳ್ಯ, ಸಂಪಾಜೆ ದಾಟಿ ಘಾಟಿ ಹತ್ತಿದರೆ ಮಡಿಕೇರಿ. ಅಲ್ಲಿನ ‘ರೋಶನಾರಾ’ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮನೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರು. ಆ ದಿನವನ್ನೇ ನಾವು ಸೇನಾ ದಿನವೆಂದು ಆಚರಿಸುವುದು. ಅವರ ಮಗ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ, ಎಲ್ಲರ ಬಾಯಲ್ಲಿ ನಂದಾ ಕಾರ್ಯಪ್ಪ, ವಾಯುಪಡೆಯ ಪೈಲಟ್.

ನಂದಾ ಅವರೇ ಹೇಳಿಕೊಂಡಿರುವ ಬಾಲ್ಯದ ಒಂದು ಸಂಗತಿ ಕೇಳಿ. ದೆಹಲಿಯಲ್ಲಿ ಇವರ ಶಾಲೆಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದುದು ಸೇನೆಯ ಒಂದು ಟ್ರಕ್ಕು. ಉಳಿದ ಅಧಿಕಾರಿಗಳ ಮಕ್ಕಳ ಜೊತೆಗೆ ಮಹಾದಂಡನಾಯಕರ ಮಕ್ಕಳೂ ಅದರಲ್ಲೇ ಹೋಗಬೇಕು. ಒಂದು ದಿನ ಆ ಟ್ರಕ್ಕು ಬರಲಿಲ್ಲ. ಶಾಲೆ ತಪ್ಪುತ್ತದಲ್ಲ ಎಂದು ಅಪ್ಪನ ಆಪ್ತ ಅಧಿಕಾರಿ ಮಕ್ಕಳನ್ನು ಸರಕಾರಿ ಕಾರಿನಲ್ಲಿ ಕಳಿಸಿಕೊಟ್ಟರು. ವಿಷಯ ಕಿವಿಗೆ ಬಿದ್ದದ್ದೇ ಕಾರ್ಯಪ್ಪನವರು ಕೆಂಡವಾದರು. ಆ ಪ್ರಯಾಣದ ಬಿಲ್ಲು ಮಾಡಿಸಿ ತಮ್ಮ ಸ್ವಂತ ಲೆಕ್ಕದಿಂದ ಹಣ ಕಟ್ಟಿದರು. ಒಂದು ದಿನದ ಕಾರು ಪ್ರಯಾಣಕ್ಕೆ ಎಷ್ಟಾದೀತು? ಹಣ ಸಣ್ಣದು. ಅಪ್ಪನ ಹುದ್ದೆ ಬೇರೆ, ಮಕ್ಕಳ ಅಗತ್ಯ ಬೇರೆ ಎಂಬ ಗೆರೆ ಮಾತ್ರ ಆ ಮನೆಯಲ್ಲಿ ಸಣ್ಣದಾಗಿರಲಿಲ್ಲ.

ಆ ಗೆರೆಗೆ ನಿಜವಾದ ಪರೀಕ್ಷೆ ಬಂದದ್ದು 1965ರಲ್ಲಿ. ಸೆಪ್ಟೆಂಬರ್ 22, ಪಾಕಿಸ್ತಾನದೊಂದಿಗಿನ ಯುದ್ಧ ನಿಲ್ಲುವ ಹೊತ್ತು. ನಂದಾ ಹಂಟರ್ ಯುದ್ಧವಿಮಾನದಲ್ಲಿ ದಾಳಿಗೆ ಹೋಗಿದ್ದರು. ನೆಲದಿಂದ ಹಾರಿದ ಗುಂಡು ವಿಮಾನಕ್ಕೆ ತಗಲಿ ಬೆಂಕಿ ಹತ್ತಿತು. ಅವರು ಇಜೆಕ್ಟ್ ಮಾಡಿ ಹೊರಗೆ ಚಿಮ್ಮಿದರು. ಬಿದ್ದದ್ದು ಶತ್ರುವಿನ ನೆಲದಲ್ಲಿ, ಬೆನ್ನುಮೂಳೆಗೆ ಬಲವಾದ ಏಟು. ಸೆರೆ ಸಿಕ್ಕಿದರು. ಹೆಸರು ಕೇಳಿದಾಗ ಯಾರ ಮಗ ಎಂಬುದು ಗೊತ್ತಾಯಿತು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಫೀಲ್ಡ್ ಮಾರ್ಷಲ್ ಅಯೂಬ್ ಖಾನ್. ದೇಶ ವಿಭಜನೆಗೆ ಮೊದಲು ಅವರು ಇದೇ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಗೌರವದಿಂದ, ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಹೇಳಿಕಳಿಸಿದರು: ಮಗ ಕ್ಷೇಮವಾಗಿದ್ದಾನೆ, ಬೇಕಾದರೆ ಬಿಡುಗಡೆ ಮಾಡುತ್ತೇವೆ. ಕಾರ್ಯಪ್ಪನವರು ಕೇಳುವುದೇ ಬೇಕಿರಲಿಲ್ಲ. ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ಅವರು ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲರೂ ತನಗೆ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಸವಲತ್ತು ಬೇಡ ಎಂಬ ಅರ್ಥದ ಉತ್ತರ ಕೊಟ್ಟರು. ಅತ್ತ ಅಯೂಬ್ ಅವರ ಪತ್ನಿ ಮತ್ತು ಹಿರಿಯ ಮಗ ಆಸ್ಪತ್ರೆಗೆ ಬಂದು ನಂದಾ ಅವರನ್ನು ನೋಡಿ, ಸಿಗರೇಟಿನ ಪೆಟ್ಟಿಗೆಯನ್ನೂ ವೊಡ್‌ಹೌಸ್ ಕಾದಂಬರಿಯೊಂದನ್ನೂ ಕೊಟ್ಟುಹೋದರು. ಹಗೆತನದ ನಡುವೆಯೂ ಮನುಷ್ಯರು ಹೀಗೂ ನಡೆದುಕೊಂಡರು ಎಂಬುದನ್ನೂ ನೆನಪಿಡಿ. ನಂದಾ ಮನೆಗೆ ಬಂದದ್ದು ಸುಮಾರು ನಾಲ್ಕು ತಿಂಗಳ ಮೇಲೆ, 1966ರ ಜನವರಿಯಲ್ಲಿ.

ಕೆಲವರು ಇದನ್ನು ಕೇಳಿ, ಆ ಅಪ್ಪನದು ಕಲ್ಲು ಮನಸ್ಸು ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಬೆನ್ನು ಮುರಿದು ಶತ್ರುದೇಶದ ಆಸ್ಪತ್ರೆಯಲ್ಲಿ ಮಲಗಿದ ಮಗನನ್ನು ನೆನೆದು ಯಾವ ಅಪ್ಪನಿಗೆ ನಿದ್ದೆ ಬಂದೀತು? ಆದರೆ ಆ ಹೊತ್ತಿಗೆ ಹೆಸರಿಲ್ಲದ ಎಷ್ಟೋ ಅಪ್ಪಂದಿರು ಅದೇ ನಿದ್ದೆಗೆಟ್ಟು ಕೂತಿದ್ದರು. ಅವರಿಗೆ ಹೇಳಿಕಳಿಸುವ ಅಧ್ಯಕ್ಷರಿರಲಿಲ್ಲ. ಕಾರ್ಯಪ್ಪನವರು ಅವರ ಸಾಲಿನಲ್ಲಿ ಹೋಗಿ ಕೂತರು. ತನ್ನ ಮಗನನ್ನು ಪ್ರೀತಿಸುತ್ತಲೇ ಪರರ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯುವುದು ಎಂದರೆ ಇದು.

ಮಗನ ಪಾಲಿನದನ್ನೂ ಹೇಳಬೇಕು. ಇಜೆಕ್ಷನ್ ಸೀಟನ್ನು ಹೊರಗೆ ಚಿಮ್ಮಿಸುವುದು ಸ್ಫೋಟಕ. ಆ ರಭಸದ ಭಾರವೆಲ್ಲ ಬೀಳುವುದು ಬೆನ್ನುಮೂಳೆಯ ಮೇಲೆ. ಅಂಥ ಪೆಟ್ಟು ತಿಂದ ಪೈಲಟ್ ಕೆಲಸ ಬಿಟ್ಟಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ನಂದಾ ಹೆಲಿಕಾಪ್ಟರ್ ಹಾರಿಸಲು ಕಲಿತರು. 1971ರ ಯುದ್ಧದ ಹೊತ್ತಿಗೆ ಪೂರ್ವ ಭಾಗದಲ್ಲಿ ಒಂದು ಹೆಲಿಕಾಪ್ಟರ್ ಘಟಕದ ಹೊಣೆ ಹೊತ್ತಿದ್ದರು. ಮುಂದೆ ಏರ್ ಮಾರ್ಷಲ್ ಆಗಿ, ನಿವೃತ್ತರಾಗಿ ಮಡಿಕೇರಿಯ ಮನೆಗೆ ಮರಳಿದರು. ತಂದೆಯ ಜೀವನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ತನಗೆ ಸವಲತ್ತು ಬೇಡವೆಂದ ಅಪ್ಪನ ಮೇಲೆ ಮುನಿಸಿಕೊಳ್ಳದೆ, ಆ ಅಪ್ಪನ ಬದುಕನ್ನು ಅಭಿಮಾನದಿಂದ ದಾಖಲಿಸಿದ ಮಗನಾತ.

ಈಗ ನಿಮಗೆ ಹೇಳಬೇಕಾದ ಮಾತು. ವಿಮಾನ ಹಾರಿಸುವ ಆಸೆ ಇದ್ದವರು ಜನ ಹುಡುಕುವ ಹೊತ್ತನ್ನು ಗಣಿತಕ್ಕೂ ಭೌತಶಾಸ್ತ್ರಕ್ಕೂ ಕೊಡಿ. ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಈಗ ಹುಡುಗಿಯರೂ ಬರೆಯಬಹುದು. ಡಿಗ್ರಿ ಆದವರಿಗೆ ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ವಾಯುಪಡೆಯ ಒಂದು ಆಯ್ಕೆ ಮಂಡಳಿ ನಮ್ಮ ಈ ಹೆದ್ದಾರಿ ಹೋಗಿ ಮುಟ್ಟುವ ಮೈಸೂರಿನಲ್ಲೇ ಇದೆ. ಚಿಕ್ಕಮಗಳೂರಿನ ಮೇಘನಾ ಶಾನಭೋಗ್ 2018ರಲ್ಲಿ ಯುದ್ಧವಿಮಾನದ ಪೈಲಟ್ ಆದರು. ಸಂದರ್ಶನದಲ್ಲಿ ಆಯ್ಕೆ ಮಂಡಳಿಯವರು ನೋಡುವುದು ನಿಮ್ಮ ಗಟ್ಟಿತನವನ್ನು, ನಿಮ್ಮ ಮಾವನ ಪರಿಚಯವನ್ನಲ್ಲ. ಹಣ ಕೊಟ್ಟರೆ ಸೀಟು ಮಾಡಿಸುತ್ತೇವೆ ಎನ್ನುವವರನ್ನು ಅಂಗಳಕ್ಕೂ ಸೇರಿಸಬೇಡಿ. ಒಮ್ಮೆ ಆಗದಿದ್ದರೆ, ಆಸೆಪಟ್ಟ ಕೆಲಸದ ಪಕ್ಕದಲ್ಲೇ ಇನ್ನೊಂದು ಕೆಲಸ ಇರುತ್ತದೆ. ನಂದಾ ಹೆಲಿಕಾಪ್ಟರ್ ಏರಿದ್ದನ್ನು ನೆನಪು ಮಾಡಿಕೊಳ್ಳಿ.

ಅಪ್ಪ ಯಾರಲ್ಲೂ ಶಿಫಾರಸು ಕೇಳದಿದ್ದರೆ, ನಿಮ್ಮ ಮೇಲೆ ಪ್ರೀತಿಯಿಲ್ಲ ಎಂದು ಎಣಿಸಬೇಡಿ. ನಿಮ್ಮ ಕೈಕಾಲಿನ ಮೇಲೆ ಅವರಿಗೆ ಭರವಸೆ ಇದೆ ಎಂದು ತಿಳಿಯಿರಿ.

ನಾಳೆ ನೀವು ಕುರ್ಚಿಯಲ್ಲಿ ಕೂರುತ್ತೀರಿ, ಮಕ್ಕಳೊಂದಿಗರೂ ಆಗುತ್ತೀರಿ. ಅಂದು ನಿಮ್ಮ ಮೇಜಿಗೆ ಅರ್ಜಿಗಳು ಬರುತ್ತವೆ. ಅವುಗಳಲ್ಲಿ ನಿಮ್ಮ ಮಗಳ ಅರ್ಜಿ ಕಂಡರೆ ಅದನ್ನು ಮೇಲೆ ತೆಗೆದಿಡಬೇಡಿ. ಅದರ ಸರದಿ ಬರುವವರೆಗೂ ಅದು ಇದ್ದ ಜಾಗದಲ್ಲೇ ಇರಲಿ.