ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಎಣ್ಣೆ

ಪ್ರಶ್ನೆ: ನಮ್ಮದು ಹಳೆಯ ಬೊಲೆರೋ. ಹಿಂದಿನ ಚಕ್ರಗಳ ನಡುವೆ ಇರುವ ಗುಂಡನೆಯ ಡಿಫರೆನ್ಷಿಯಲ್ ಹೌಸಿಂಗಿನ ಮುಚ್ಚಳದಿಂದ ಎಣ್ಣೆ ಜಿನುಗುತ್ತಿದೆ. ಗ್ಯಾರೇಜಿನವರು ಎರಡು ಸಲ ಪ್ಯಾಕಿಂಗ್ ಬದಲಿಸಿಕೊಟ್ಟರು. ಸ್ವಲ್ಪ ದಿನ ಸರಿಯಿದ್ದು ಮತ್ತೆ ಅದೇ ಕತೆ. ಪಾರ್ಕಿಂಗಿನ ನೆಲವೆಲ್ಲ ಕಲೆಯಾಗಿದೆಯೆಂದು ಸೊಸೈಟಿಯ ಕಾರ್ಯದರ್ಶಿ ಚೀಟಿ ಕಳಿಸಿದ್ದಾರೆ. ಚೌತಿಗೆ ಕುಂದಾಪುರಕ್ಕೆ ಹೋಗಬೇಕು. ‘ಎಣ್ಣೆ ತುಂಬಿಸಿಕೊಂಡು ಹೊರಡಿ, ಏನೂ ಆಗುವುದಿಲ್ಲ’ ಎನ್ನುತ್ತಾರೆ ಮಾವ. ನನ್ನ ಬಳಿ ಪಾನಾ ಸೆಟ್ ಇದೆ, ಸಣ್ಣಪುಟ್ಟ ರಿಪೇರಿಯ ಅಭ್ಯಾಸವೂ ಇದೆ. ಮುಚ್ಚಳ ಬಿಚ್ಚಿ ನಾನೇ ಸರಿಮಾಡಬಹುದೇ?
— ಓದುಗರು, ಡೊಂಬಿವಲಿ

ಉತ್ತರ: ಮಾಡಬಹುದು. ಆದರೆ ಎರಡು ಸಲ ಹೊಸ ಪ್ಯಾಕಿಂಗ್ ಹಾಕಿಯೂ ಸೋರುತ್ತಿದೆ ಎಂದಮೇಲೆ ತಪ್ಪು ಪ್ಯಾಕಿಂಗಿನದ್ದಲ್ಲ ಎಂದೇ ನನ್ನ ಅನುಮಾನ. ಮೂರನೆಯದನ್ನು ಕೊಳ್ಳುವ ಮುಂಚೆ ಎಣ್ಣೆಯನ್ನು ಹೊರಗೆ ದೂಡುತ್ತಿರುವುದು ಏನು ಎಂದು ಹುಡುಕಿ.

ಮೊದಲು ಬ್ರೀದರ್ ನೋಡಿ. ಆಕ್ಸಲ್ ಕೊಳವೆಯ ಮೇಲ್ಗಡೆ ಬೆರಳ ತುದಿಯಷ್ಟಿರುವ ಒಂದು ಟೊಪ್ಪಿ ಇರುತ್ತದೆ, ಕೆಲವು ಗಾಡಿಗಳಲ್ಲಿ ಅದಕ್ಕೊಂದು ರಬ್ಬರ್ ಪೈಪೂ ಇರುತ್ತದೆ. ಗಾಡಿ ಓಡಿದಂತೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಅದು ಹೊರಬರುವ ದಾರಿಯೇ ಇದು. ಮಳೆಗಾಲದ ಕೆಸರು ಮೆತ್ತಿಕೊಂಡು ಒಣಗಿದರೆ ದಾರಿ ಮುಚ್ಚುತ್ತದೆ, ಹೌಸಿಂಗು ಸೀಟಿ ಕಟ್ಟಿಕೊಂಡ ಕುಕ್ಕರಿನಂತಾಗುತ್ತದೆ. ಆಗ ಎಷ್ಟೇ ಒಳ್ಳೆಯ ಪ್ಯಾಕಿಂಗ್ ಇರಲಿ, ಒತ್ತಡ ದುರ್ಬಲವಾದ ಜಾಗವನ್ನು ಹುಡುಕಿಕೊಂಡು ಎಣ್ಣೆಯನ್ನು ನೂಕುತ್ತದೆ. ಟೊಪ್ಪಿ ಕೈಗೆ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಬಿಚ್ಚಿ, ತೊಳೆದು, ಗಾಳಿ ಊದಿ ಹಾಕಿ. ಇದಕ್ಕೆ ಅರ್ಧ ಗಂಟೆಯೂ ಬೇಡ.

ಮುಂಬಯಿಯವರಿಗೆ ಇನ್ನೊಂದು ಕಾಟವಿದೆ. ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ನಿಂತ ನೀರಿಗೆ ಗಾಡಿ ಇಳಿಸುತ್ತೀರಿ. ಕಾದ ಹೌಸಿಂಗು ಒಮ್ಮೆಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್‌ನಿಂದಲೋ ಸೀಲಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಸೋರಲಿ ಬಿಡಲಿ, ಅದನ್ನು ಬದಲಿಸಲೇಬೇಕು.

ಎರಡನೆಯದು, ಎಣ್ಣೆ ಬರುತ್ತಿರುವುದು ಮುಚ್ಚಳದಿಂದಲೇ ಹೌದೇ? ಓಡುವ ಗಾಡಿಯ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡಿ, ಮುಂದೆಲ್ಲೋ ಸೋರಿದ್ದು ಮುಚ್ಚಳಕ್ಕೆ ಬಂದು ಅಂಟುತ್ತದೆ. ಎಲ್ಲವನ್ನೂ ಒರೆಸಿ, ಒಂದು ಸುತ್ತು ಹೋಗಿಬಂದು, ಟಾರ್ಚ್ ಹಿಡಿದು ನೋಡಿ. ಪ್ರೊಪೆಲರ್ ಶಾಫ್ಟ್ ಬಂದು ಸೇರುವ ಮೂತಿಯಲ್ಲಿ ಒದ್ದೆಯಿದ್ದರೆ ಪಿನಿಯನ್ ಸೀಲ್ ಹೋಗಿದೆ. ಅಲ್ಲಿನ ನಟ್ಟನ್ನು ಎಷ್ಟು ಬಿಗಿಯಬೇಕು ಎನ್ನುವುದಕ್ಕೆ ಬೇರಿಂಗಿನ ಲೆಕ್ಕವಿದೆ, ಅದನ್ನು ಮನೆಯಲ್ಲಿ ಮುಟ್ಟಬೇಡಿ. ಚಕ್ರದ ಒಳಮಗ್ಗುಲು ಒದ್ದೆಯಿದ್ದರೆ ಆಕ್ಸಲ್ ಸೀಲ್. ಆ ಎಣ್ಣೆ ಬ್ರೇಕ್ ಲೈನರಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಆ ಗಾಡಿಯನ್ನು ಘಾಟಿಗೆ ಒಯ್ಯುವ ಮಾತೇ ಇಲ್ಲ.

(ಓಮ್ನಿ, ಈಕೋ ಇರುವವರು ಇದನ್ನು ಓದಿ ಪಾನಾ ಹಿಡಿದು ಹೊರಡಬೇಡಿ. ಅವುಗಳ ಗೇರುಗಳು ಮುಂಬದಿಯಿಂದ ಕೂರುತ್ತವೆ, ಹಿಂದೆ ಬಿಚ್ಚುವ ಮುಚ್ಚಳವೇ ಇಲ್ಲ. ಸ್ವಿಫ್ಟ್, ವ್ಯಾಗನ್‌ಆರ್‌ಗಳಲ್ಲಂತೂ ಹಿಂದೆ ಡಿಫರೆನ್ಷಿಯಲ್ಲೇ ಇಲ್ಲ.)

ಸರಿ, ಮುಚ್ಚಳವೇ ಎಂದು ಖಾತ್ರಿಯಾಯಿತು ಎನ್ನಿ. ಬೊಲೆರೋ ಎತ್ತರದ ಗಾಡಿ, ಜಾಕಿ ಹಾಕುವ ಅಗತ್ಯವಿಲ್ಲ. ನಾಲ್ಕೂ ಚಕ್ರ ಸಮತಟ್ಟು ನೆಲದ ಮೇಲಿರಲಿ, ಹಿಂದೆಮುಂದೆ ಇಟ್ಟಿಗೆ ಕೊಡಿ. ಎಣ್ಣೆ ಇಳಿಸುವ ಮೊದಲೇ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚುತ್ತದೆಯೇ ನೋಡಿಕೊಳ್ಳಿ. ಇಳಿಸಿದ ಮೇಲೆ ಅದು ತುಕ್ಕು ಹಿಡಿದು ಕೂತಿದೆಯೆಂದು ಗೊತ್ತಾದರೆ ಎಣ್ಣೆ ತುಂಬಲು ದಾರಿಯಿಲ್ಲದೆ ಗಾಡಿ ಅಲ್ಲೇ ನಿಲ್ಲುತ್ತದೆ. ಕೆಳಗಿನ ಬೋಲ್ಟುಗಳನ್ನು ತೆಗೆದು ಮೇಲಿನದೊಂದೆರಡನ್ನು ಸಡಿಲವಾಗಿ ಬಿಟ್ಟು ಮುಚ್ಚಳ ಕದಲಿಸಿ, ಎಣ್ಣೆ ಒಂದೇ ಕಡೆ ಬೀಳುತ್ತದೆ. ಅಗಲದ ಟ್ರೇ ಇಡಿ, ಅದರಡಿ ರಟ್ಟು ಹಾಸಿ. ಎಣ್ಣೆಯ ತಳದಲ್ಲಿ ನಯವಾದ ಬೂದು ಕೆಸರಿದ್ದರೆ ಚಿಂತೆಯಿಲ್ಲ. ಲೋಹದ ಚೂರು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಯಿರಿ.

ಗ್ಯಾರೇಜಿನ ಎರಡು ಪ್ರಯತ್ನ ಎಲ್ಲಿ ಕೆಟ್ಟಿರಬಹುದು ಎಂಬುದು ಈಗ ತಿಳಿಯುತ್ತದೆ. ಮುಚ್ಚಳದ ಅಂಚನ್ನು ಗಾಜಿನ ಮೇಲೆ ಬೋರಲು ಇಟ್ಟು ನೋಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ದರೆ ಅಂಚು ಬಾಗಿರುತ್ತದೆ, ಬೋಲ್ಟ್ ವಿಪರೀತ ಬಿಗಿದಿದ್ದರೆ ತೂತಿನ ಸುತ್ತ ತಗಡು ಉಬ್ಬಿರುತ್ತದೆ. ಸಮತಟ್ಟು ಕಬ್ಬಿಣದ ಮೇಲಿಟ್ಟು ಮೆಲ್ಲಗೆ ಬಡಿದು ಸರಿಮಾಡಿ. ಇನ್ನೊಂದು ತಪ್ಪು ಸೀಮೆಎಣ್ಣೆಯಲ್ಲಿ ತೊಳೆಯುವುದು. ಕೊಳೆ ಹೋಗುತ್ತದೆ ನಿಜ, ಆದರೆ ತೆಳುವಾದ ಜಿಡ್ಡು ಉಳಿಯುತ್ತದೆ, ಅದರ ಮೇಲೆ ಸಿಲಿಕೋನ್ ಪೇಸ್ಟು ಹಿಡಿಯುವುದಿಲ್ಲ. ಗೇರುಗಳ ಮೇಲೆ ಶುಭ್ರ ಬಟ್ಟೆ ಮುಚ್ಚಿ, ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಕೊನೆಯಲ್ಲಿ ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿ. ಅದು ಬೆಂಕಿ ಹಿಡಿಯುವ ವಸ್ತು, ಹತ್ತಿರ ಬೀಡಿ ಸಿಗರೇಟು ಬೇಡ.

ಆಮೇಲೆ ಪ್ಯಾಕಿಂಗ್ ಹಾಕಿ, ಇಲ್ಲವೇ ಸಿಲಿಕೋನ್ ಪೇಸ್ಟ್ ಹಾಕಿ. ಭದ್ರವಾಗಲೆಂದು ಎರಡನ್ನೂ ದಪ್ಪಗೆ ಮೆತ್ತಿದರೆ ಬಿಗಿಯುವಾಗ ಪ್ಯಾಕಿಂಗ್ ಜಾರಿ ಹೊರಬರುತ್ತದೆ. ಪೇಸ್ಟಾದರೆ ಬೋಲ್ಟ್ ತೂತುಗಳ ಒಳಮಗ್ಗುಲಿನಲ್ಲಿ ಎಲ್ಲೂ ಕಡಿಯದ ಒಂದೇ ಎಳೆ, ಪ್ರತಿ ತೂತಿನ ಸುತ್ತಲೂ ಒಂದು ಸುತ್ತು. ಬೋಲ್ಟುಗಳನ್ನು ಎದುರುಬದುರಾಗಿ, ಕೈಪಿಡಿಯಲ್ಲಿರುವಷ್ಟೇ ಬಿಗಿಯಿರಿ. ಮಳೆಗಾಲದ ತೇವಕ್ಕೆ ಪೇಸ್ಟ್ ಒಣಗದೆಂಬ ಹೆದರಿಕೆ ಬೇಡ. ಅದು ಗಟ್ಟಿಯಾಗುವುದೇ ಗಾಳಿಯ ತೇವಾಂಶದಿಂದ. ಹಿಡಿಯದಂತೆ ಮಾಡುವುದು ಜಿಡ್ಡು. ಒಂದು ರಾತ್ರಿ ಬಿಟ್ಟು ಎಣ್ಣೆ ತುಂಬಿ. ಕೈಪಿಡಿ ಹೇಳಿದ ದರ್ಜೆಯದೇ ಆಗಬೇಕು, ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದು ಹೊರಗೆ ತುಳುಕುವಷ್ಟು ಸಾಕು.

ಮುಚ್ಚಳ ಪೂರ್ತಿ ಕೆಟ್ಟಿದ್ದರೆ ಕುರ್ಲಾದ ಸಿ.ಎಸ್.ಟಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಕೇಳಿ. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಗಾಡಿಗಳ ಕೆಲಸ ಬಲ್ಲ ಹಳೆಯ ಕೈಗಳು ಈ ಊರಲ್ಲಿ ಕಡಿಮೆಯಾಗುತ್ತಿವೆ. ಆ ಕೆಲಸದಲ್ಲೇ ಪಳಗಿದವರು ಪದ್ಮಿನಿ ಟ್ಯಾಕ್ಸಿಗಳ ಮೆಕ್ಯಾನಿಕರು. ಕೊನೆಯ ಪದ್ಮಿನಿ ತಾಡದೇವ್ ಆರ್.ಟಿ.ಓ.ದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿಯಿರುವುದರಿಂದ 2023ರ ಅಕ್ಟೋಬರಿಗೆ ಅವುಗಳ ಕಾಲವೂ ಮುಗಿಯಿತು.

ಕಾರ್ಯದರ್ಶಿಯವರಿಗೆ ಮೊದಲೇ ಒಂದು ಮಾತು ಹೇಳಿ, ಭಾನುವಾರ ಬೆಳಿಗ್ಗೆ ಮಳೆ ಬೀಳದ ಕಂಬದಡಿಯ ಜಾಗ ಕೇಳಿಕೊಳ್ಳಿ. ಕಲೆಯನ್ನು ನಾನೇ ತೊಳೆದುಕೊಡುತ್ತೇನೆಂದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯಬೇಡಿ. ಡಬ್ಬಿಗೆ ತುಂಬಿ, ಹಳೆ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಡಿ.

ಇನ್ನು ನಿಮ್ಮ ಮಾವನವರ ಮಾತು. ಅದು ಪೂರ್ತಿ ತಪ್ಪಲ್ಲ. ಬರೀ ಜಿನುಗುವ ಮುಚ್ಚಳ, ತುಂಬಿದ ಎಣ್ಣೆ ಇದ್ದರೆ ಗಾಡಿ ಕುಂದಾಪುರ ಮುಟ್ಟುತ್ತದೆ. ಅಪಾಯವಿರುವುದು ಮಟ್ಟ ನೋಡದೆ ಹೊರಡುವುದರಲ್ಲಿ. ಒಳಗಿನ ದೊಡ್ಡ ಗೇರು ಎಣ್ಣೆಯನ್ನು ಎರಚಿಯೇ ಬೇರಿಂಗುಗಳಿಗೆ ಮುಟ್ಟಿಸುತ್ತದೆ, ಮಟ್ಟ ಇಳಿದರೆ ಮುಂದಿನ ಪಿನಿಯನ್ ಬೇರಿಂಗ್ ಮೊದಲು ಒಣಗುತ್ತದೆ. ಆದ್ದರಿಂದ ಹಬ್ಬಕ್ಕೆ ಇನ್ನೆರಡೇ ವಾರ ಇದ್ದರೆ ಮುಚ್ಚಳ ಬಿಚ್ಚಬೇಡಿ. ಬ್ರೀದರ್ ತೊಳೆದು, ಮಟ್ಟ ತುಂಬಿಸಿ, ಅದೇ ಎಣ್ಣೆಯ ಒಂದು ಡಬ್ಬಿ ಜೊತೆಗಿಟ್ಟುಕೊಂಡು ಹೊರಡಿ. ರಾತ್ರಿ ತಂಗುವಲ್ಲಿ, ಗಾಡಿ ತಣ್ಣಗಾದ ಮೇಲೆ, ಫಿಲ್ಲರ್ ಬಿಚ್ಚಿ ಬೆರಳು ಹಾಕಿ ನೋಡಿ. ದಾರಿಯಲ್ಲಿ ಹಿಂದಿನಿಂದ ಗುಂಯ್‌ಗುಟ್ಟುವ ಸದ್ದು ಶುರುವಾದರೆ ಮಾತ್ರ ಮುಂದಿನ ಘಾಟಿ ಹತ್ತದೆ ಗ್ಯಾರೇಜು ಹುಡುಕಿ.