ಕಲ್ಲಿದ್ದಲಿನ ಸಾರಜನಕ ಬೂದಿಯಲ್ಲಿ ಉಳಿಯುವುದೇ?

ಕಲ್ಲಿದ್ದಲು ಬಹುಕಾಲದ ಹಿಂದೆ ಮಣ್ಣಿನಡಿ ಹೂತುಹೋದ ಗಿಡಮರಗಳಿಂದ ಆದದ್ದು. ಆ ಸಸ್ಯಗಳಲ್ಲಿದ್ದ ಸಾರಜನಕದ ಒಂದು ಪಾಲು ಅದರಲ್ಲಿ ಇಂದಿಗೂ ಉಳಿದಿದೆ. ಸಾಮಾನ್ಯವಾಗಿ ತೂಕದ ಶೇ. 1ರಿಂದ 2. ಶೇ. 1 ಎಂದು ಹಿಡಿದರೂ ಟನ್ನಿಗೆ 10 ಕಿ.ಗ್ರಾಂ., ಅಂದರೆ 45 ಕಿ.ಗ್ರಾಂ. ಯೂರಿಯಾ ಚೀಲದಲ್ಲಿರುವುದರ ಸುಮಾರು ಅರ್ಧ. ಆದರೆ ಕಲ್ಲಿದ್ದಲನ್ನು ಪುಡಿಮಾಡಿ ಹೊಲಕ್ಕೆ ಹಾಕಿದರೆ ಅದು ಬೆಳೆಗೆ ದಕ್ಕದು. ಈ ಸಾರಜನಕದ ಬಹುಭಾಗ ಇಂಗಾಲದ ಉಂಗುರಗಳೊಳಗೆ ಬಿಗಿಯಾಗಿ ಹೆಣೆದುಕೊಂಡಿದ್ದು, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಬಿಡಿಸಲಾರವು.

ಉರಿಸಿದಾಗಲಂತೂ ಅದು ಅನಿಲವಾಗಿ ಹೊಗೆಕೊಳವೆ ಸೇರುತ್ತದೆ. ಆದುದರಿಂದ ರಾಯಚೂರು ಶಾಖೋತ್ಪನ್ನ ಕೇಂದ್ರದ ಹಾರುಬೂದಿಯಾಗಲಿ, ಇಟ್ಟಿಗೆ ಗೂಡಿನ ಕಲ್ಲಿದ್ದಲ ಬೂದಿಯಾಗಲಿ, ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸ್ವಲ್ಪ ಸುಣ್ಣ, ಪೊಟ್ಯಾಷ್ ಇದ್ದೀತು. ಬೂದಿ ಹಾಕಿದ್ದಾಯಿತೆಂದು ಜೋಳಕ್ಕೆ ಮೇಲುಗೊಬ್ಬರ ತಪ್ಪಿಸಿದವನ ಪೈರು ಹಳದಿಗೆ ತಿರುಗುವುದು ಇದರಿಂದಲೇ.

ಗಾಳಿಯಾಡದಂತೆ ಕಾಸಿದರೆ ಮಾತ್ರ ಕಥೆ ಬೇರೆ. ಭಿಲಾಯಿ, ರೂರ್ಕೆಲಾ ಉಕ್ಕಿನ ಕಾರ್ಖಾನೆಗಳಲ್ಲಿರುವಂತಹ ಕೋಕ್ ಒಲೆಗಳಲ್ಲಿ ಸಾರಜನಕದ ಹೆಚ್ಚೆಂದರೆ ಐದರಲ್ಲೊಂದು ಪಾಲು ಅಮೋನಿಯಾ ಆಗಿ ಹೊರಬರುತ್ತದೆ. ಅದನ್ನು ಗಂಧಕಾಮ್ಲದಲ್ಲಿ ಹಿಡಿದರೆ ಶೇ. 20.6 ಸಾರಜನಕವುಳ್ಳ ಅಮೋನಿಯಂ ಸಲ್ಫೇಟ್ ಸಿದ್ಧ. ಟನ್ನು ಕಲ್ಲಿದ್ದಲಿಗೆ ದೊರೆಯುವುದು ಸುಮಾರು 10 ಕಿ.ಗ್ರಾಂ. ಉಳಿದ ಸಾರಜನಕದ ಬಹುಪಾಲು ಕೋಕಿನಲ್ಲೇ ಸಿಕ್ಕಿಕೊಳ್ಳುತ್ತದೆ.