ಕಡಲಂಚಿನ ನೀರುನಾಯಿ: ನೋಡುವ ವಿದ್ಯೆಯ ಒಂದು ಪಾಠ

ಕನ್ನಡದಲ್ಲಿ ‘ನೀರುನಾಯಿ’ ಎಂದು ಹೆಸರಾದ ಪ್ರಾಣಿಗೆ ಸಂಸ್ಕೃತ ನಿಘಂಟುಗಳು ‘ಜಲಮಾರ್ಜಾರ’, ‘ಜಲನಕುಲ’ ಎಂಬ ಪದಗಳನ್ನು ಕೊಡುತ್ತವೆ. ಒಂದು ಭಾಷೆಗೆ ನಾಯಿಯಾಗಿ ಕಂಡುದು ಮತ್ತೊಂದಕ್ಕೆ ಬೆಕ್ಕಾಗಿಯೂ ಮುಂಗುಸಿಯಾಗಿಯೂ ಕಂಡಿತು. ಇದಕ್ಕೆ ‘ಉದ್ರ’ ಎಂಬ ಪ್ರಾಚೀನ ನಾಮವೂ ಉಂಟು. ಇಂಗ್ಲಿಷಿನ ‘ಆಟರ್’ ಶಬ್ದ ಅದರ ಜ್ಞಾತಿಯೇ. ತರಗತಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಬಾಲಕನೊಬ್ಬನು ಎದ್ದುನಿಂತು, “ಗುರುಗಳೇ, ಹಾಗಾದರೆ ಅದು ನಿಜವಾಗಿ ನಾಯಿಯೋ, ಬೆಕ್ಕೋ, ಮುಂಗುಸಿಯೋ?” ಎಂದು ಕೇಳಿದನು. ನಾನು ನಿರುತ್ತರನಾದೆನು. ಪದವನ್ನು ಬಲ್ಲವನಾಗಿದ್ದೆ; ಪದಾರ್ಥವನ್ನು ಕಂಡಿರಲಿಲ್ಲ. ಅದು ಮೂರೂ ಅಲ್ಲವೆಂದೂ, ವೀಸೆಲ್, ಮಾರ್ಟೆನ್‌ಗಳ ಕುಲಕ್ಕೆ ಸೇರಿದುದೆಂದೂ ಅನಂತರ ಓದಿ ತಿಳಿದೆನು.

ಮರುವರ್ಷ ಶೈಕ್ಷಣಿಕ ಪ್ರವಾಸದಲ್ಲಿ ಹಂಪೆಗೆ ಹೋದಾಗ, ಸಂಜೆಯ ಹೊತ್ತು ತುಂಗಭದ್ರೆಯ ಬಂಡೆಗಳ ನಡುವೆ ನಾಲ್ಕಾರು ನೀರುನಾಯಿಗಳು ಕಾಣಿಸಿಕೊಂಡವು. ಮಕ್ಕಳು ಹರ್ಷದಿಂದ ಕೂಗಿದರು; ಅಧ್ಯಾಪಕರಾದ ನಾವು ಚಿತ್ರ ತೆಗೆಯಲೆಂದು ಮೊಬೈಲ್ ಹಿಡಿದು ಓಡಿದೆವು. ಕ್ಷಣಮಾತ್ರದಲ್ಲಿ ಹೊಳೆ ಬರಿದಾಯಿತು. ತಪ್ಪು ಮಕ್ಕಳದಲ್ಲ. ನೋಡುವುದೂ ಒಂದು ವಿದ್ಯೆ ಎಂಬುದನ್ನು ನಾವೇ ಕಲಿತಿರಲಿಲ್ಲ. ಆ ವಿದ್ಯೆ ಚೆನ್ನಾಗಿ ಬೆಳೆದಿರುವ ಒಂದು ಕಡಲತೀರದ ವೃತ್ತಾಂತವನ್ನು ಓದಿ ತಿಳಿದಷ್ಟು ಇಲ್ಲಿ ನಿವೇದಿಸುತ್ತೇನೆ.

ಸ್ಕಾಟ್ಲೆಂಡಿನ ಉತ್ತರಕ್ಕೆ 100ಕ್ಕೂ ಹೆಚ್ಚು ದ್ವೀಪಗಳ ಶೆಟ್ಲೆಂಡ್ ಸಮೂಹವಿದೆ. ಅಲ್ಲಿನ ಯುರೇಷಿಯಾದ ನೀರುನಾಯಿ ಹೊಳೆಯನ್ನು ಬಿಟ್ಟು ಕಡಲಂಚಿನಲ್ಲಿಯೇ ಬೇಟೆಯಾಡುತ್ತದೆ. ಬೇರೆಡೆ ಬಹುಮಟ್ಟಿಗೆ ನಿಶಾಚರಿಯಾದ ಈ ಪ್ರಾಣಿ ಅಲ್ಲಿ ಹಗಲಿನಲ್ಲಿಯೇ ಸಂಚರಿಸುತ್ತದೆ. ಹಾನ್ಸ್ ಕ್ರೂಕ್ ಎಂಬ ಪ್ರಾಣಿಶಾಸ್ತ್ರಜ್ಞರು 1980ರ ದಶಕದಲ್ಲಿ ಅಲ್ಲಿ ದೀರ್ಘಕಾಲ ಅಧ್ಯಯನ ನಡೆಸಿ, 1995ರಲ್ಲಿ ನೀರುನಾಯಿಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಕಡಲಿನಲ್ಲಿ ಉಂಡರೂ ಈ ಪ್ರಾಣಿಗೆ ಸಿಹಿನೀರು ಅನಿವಾರ್ಯವೆಂಬುದು ಆ ಅಧ್ಯಯನದಿಂದ ಸ್ಪಷ್ಟವಾಯಿತು. ಇದರ ಚರ್ಮದಡಿ ತಿಮಿಂಗಿಲಕ್ಕಿರುವಂತೆ ಕೊಬ್ಬಿನ ದಪ್ಪ ಪದರವಿಲ್ಲ. ಒತ್ತಾದ ಒಳತುಪ್ಪುಳಿನಲ್ಲಿ ಸಿಕ್ಕಿಕೊಂಡ ಗಾಳಿಯೇ ಚಳಿಗೆ ಕಂಬಳಿ. ಉಪ್ಪು ಕೂತು ತುಪ್ಪುಳು ಅಂಟಿಕೊಂಡರೆ ಗಾಳಿ ನಿಲ್ಲದು, ಮೈ ತಣ್ಣಗಾಗುತ್ತದೆ. ಆದುದರಿಂದ ದಡದ ಸಣ್ಣ ಸಿಹಿನೀರಿನ ಹೊಂಡಗಳಲ್ಲಿ ಅದು ಪದೇ ಪದೇ ಮೈ ತೊಳೆದುಕೊಳ್ಳುತ್ತದೆ. ಹೊಂಡಕ್ಕೂ ಕಡಲಿಗೂ ನಡುವಿನ ಸವೆದ ಹಾದಿ, ಎತ್ತರದ ಕಲ್ಲಿನ ಮೇಲಿನ ಹಿಕ್ಕೆ—ಇವೇ ಅದರ ಇರವಿನ ಕುರುಹುಗಳು.

ಇನ್ನು ನೋಡುವ ಕ್ರಮ. ಕಡಲು ಇಳಿತದಲ್ಲಿರುವ ವೇಳೆ ಉತ್ತಮ. ಆಗ ಕಡಲಪಾಚಿಯ ನಡುವೆ ತಳದ ಮೀನುಗಳನ್ನು ಹಿಡಿಯುವುದು ಅದಕ್ಕೆ ಸುಲಭ. ಗಾಳಿ ಪ್ರಾಣಿಯ ಕಡೆಯಿಂದ ನಮ್ಮತ್ತ ಬೀಸುತ್ತಿರಬೇಕು, ಏಕೆಂದರೆ ಅದರ ಮೂಗು ಬಹಳ ಚುರುಕು. ಆಕಾಶದ ಹಿನ್ನೆಲೆಯಲ್ಲಿ ನಿಲ್ಲದೆ ಬಂಡೆಯ ಮರೆಯಲ್ಲಿ ತಗ್ಗಿ ಕುಳಿತಿರಬೇಕು. ಒಂದು ಮುಳುಗು ಸಾಮಾನ್ಯವಾಗಿ ಅರ್ಧ ನಿಮಿಷವೂ ಇರದು. ಮುಳುಗಿದಾಗ ಕೆಲವು ಹೆಜ್ಜೆ ಮುಂದುವರಿಯಬೇಕು; ಮೇಲೇಳುವ ಮುನ್ನವೇ ಕಲ್ಲಿನಂತೆ ಸ್ಥಿರವಾಗಬೇಕು. ಸಣ್ಣ ಮೀನನ್ನು ಅದು ನೀರಿನಲ್ಲಿಯೇ ತಿನ್ನುತ್ತದೆ. ದೊಡ್ಡದನ್ನು ದಡಕ್ಕೆ ತರುತ್ತದೆ. ಮೊದಲೇ ದಡದಲ್ಲಿ ನಿಶ್ಚಲನಾಗಿ ಕಾದವನಿಗೆ ಆಗ ಅದು ಹತ್ತಿರದಿಂದ ದರ್ಶನ ಕೊಡುವುದುಂಟು.

ಛಾಯಾಗ್ರಾಹಕನಿಗೂ ಇದೇ ನಿಯಮ. ದೂರದಿಂದ ಹಿಡಿಯುವ ಉದ್ದ ಮಸೂರ ಬೇಕು. ಕ್ಯಾಮರಾ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿದಿರಬೇಕು. ಫ್ಲಾಶ್ ಬೆಳಕು ಸಲ್ಲದು. ಹೊಳೆಯುವ ನೀರಿನ ನಡುವೆ ಕಪ್ಪು ಮೈ ಇರುವುದರಿಂದ ಕ್ಯಾಮರಾದ ಬೆಳಕುಮಾಪಕ ಮೋಸಹೋಗುತ್ತದೆ. ಅದನ್ನು ಕೈಯಾರೆ ಸರಿಪಡಿಸಿಕೊಳ್ಳಬೇಕು. ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದುಂಟು: ಪ್ರಾಣಿ ತಲೆಯೆತ್ತಿ ನಮ್ಮನ್ನೇ ನೋಡತೊಡಗಿದರೆ, ಚಿತ್ರ ಸೊಗಸಾಗಿ ಬಂದರೂ ನಮ್ಮ ನೋಟ ಸೋತಿತು.

ಇದು ಬರಿಯ ಶಿಷ್ಟಾಚಾರವಲ್ಲ. ತಣ್ಣೀರಿನ ಬೇಟೆಯಲ್ಲಿ ದೇಹದ ಕಾವು ಬೇಗನೆ ವ್ಯಯವಾಗುತ್ತದೆ. ಬೆದರಿ ಬಿಟ್ಟ ಮೀನು ಅದಕ್ಕೆ ನಿಜವಾದ ನಷ್ಟ. ಮರಿಗಳು ಸುಮಾರು ಒಂದು ವರ್ಷ ತಾಯಿಯನ್ನೇ ಅವಲಂಬಿಸಿರುತ್ತವೆ; ತಂದೆಯ ನೆರವಿಲ್ಲ. ತಾಯಿಯ ಹಾದಿಗೆ ಅಡ್ಡ ನಿಂತವನು ಮರಿಗಳ ತುತ್ತಿಗೆ ಅಡ್ಡ ನಿಂತಂತೆ. ಬ್ರಿಟನ್ನಿನ 1994ರ ನಿಯಮಗಳು ನೀರುನಾಯಿಯನ್ನು ಉದ್ದೇಶಪೂರ್ವಕವಾಗಿ ಕದಡುವುದನ್ನು ಅಪರಾಧವೆಂದೇ ಪರಿಗಣಿಸಿದವು.

ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿಲೋಮೀಟರ್ ಹರವನ್ನು ಕರ್ನಾಟಕ ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅಲ್ಲಿರುವುದು ಗುಂಪಾಗಿ ಬಾಳುವ ಬೇರೆ ಜಾತಿ; ಕಡಲಿನ ಬದಲು ಹೊಳೆ. ಆದರೆ ಗಾಳಿ, ಮರೆ, ಮೌನ, ತಾಳ್ಮೆ ಎಂಬ ನಾಲ್ಕು ಪಾಠಗಳು ಅಲ್ಲಿಗೂ ಸಲ್ಲುತ್ತವೆ.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಪ್ರವಾಸಕ್ಕೆ ಮುನ್ನ ಮಕ್ಕಳನ್ನು ಶಾಲೆಯ ತೋಟದಲ್ಲಿ ಅರ್ಧ ಗಂಟೆ ಮಾತಿಲ್ಲದೆ ಕೂರಿಸಿ, ಕಂಡುದನ್ನು ಬರೆಯಿಸಿರಿ. ನಾವೂ ಅವರೊಡನೆ ಕುಳಿತು ಬರೆಯೋಣ. ಅಂದು ಪ್ರಶ್ನೆ ಕೇಳಿದ ಬಾಲಕನಿಗೆ ನಿಘಂಟಿನಿಂದ ಉತ್ತರ ಕೊಡಲಾರದೆ ಹೋದೆನು. ಅವನು ಹೊಳೆಯ ದಡದಲ್ಲಿ ಕುಳಿತು ತಾನೇ ಕಂಡುಕೊಂಡು, ನನಗೂ ತಿಳಿಸಲಿ.